ಮಾಳಿಗೆಯ ಮೇಲಣ ಸೌರವಿದ್ಯುತ್ತು: ಶಿವಮೊಗ್ಗ–ಭದ್ರಾವತಿಗಳಿಗೆ ಅನ್ವಯಿಸಿದ ಒಂದು ವಿವೇಚನೆ

ಪೀಠಿಕೆ

ಶಿವಮೊಗ್ಗ ಜಿಲ್ಲೆಗೂ ವಿದ್ಯುಚ್ಛಕ್ತಿಗೂ ಇರುವ ನಂಟು ಹಳೆಯದು. 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಮಾಡಲು ತೊಡಗಿತು. ಇಂದು ಮಹಾತ್ಮಾ ಗಾಂಧಿಯವರ ಹೆಸರನ್ನು ಹೊತ್ತಿರುವುದು ಅದೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು, 1,035 ಮೆಗಾವಾಟ್ ಸಾಮರ್ಥ್ಯದವರೆಗೆ ಬೆಳೆದ ಶರಾವತಿ ವಿದ್ಯುದಾಗಾರಕ್ಕೆ ನೀರೊದಗಿಸಿತು. ಅದಕ್ಕೂ ಮೊದಲು, 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮಲೆನಾಡಿನ ಮರಗಳನ್ನು ಸುಟ್ಟು ಮಾಡಿದ ಇದ್ದಿಲಿನಿಂದ ಅದುರನ್ನು ಕರಗಿಸುತ್ತಿದ್ದಿತು. ಮರವಾಗಲಿ, ಹೊಳೆಯ ನೀರಾಗಲಿ, ಅವುಗಳಲ್ಲಿ ಅಡಗಿದ್ದುದು ಸೂರ್ಯನ ಶಕ್ತಿಯೇ. ಈಗ ಅದೇ ಶಕ್ತಿಯನ್ನು ನಡುವಣ ಮಧ್ಯಸ್ಥಿಕೆಯಿಲ್ಲದೆ ಮನೆಯ ಮಾಳಿಗೆಯ ಮೇಲೆಯೇ ಹಿಡಿಯುವ ಅನುಕೂಲ ಒದಗಿದೆ.

ಅನುಕೂಲ ಒದಗಿದೆಯೆಂದ ಮಾತ್ರಕ್ಕೆ ಎಲ್ಲ ಮನೆಗೂ ಅದು ಲಾಭಕರವೆಂದು ಹೇಳಲಾಗದು. ನೆರೆಮನೆಯಲ್ಲಿ ಫಲಕಗಳನ್ನು ಕಂಡು, ಮಾರಾಟಗಾರನ ಮಾತನ್ನು ನಂಬಿ, ಸಾಲ ಮಾಡಿ ಸ್ಥಾವರವನ್ನು ಕೂಡಿಸಿಕೊಂಡು ಆಮೇಲೆ ಪರಿತಪಿಸುವವರುಂಟು. ಲಾಭವಾಗುವಂತಿದ್ದರೂ ಲೆಕ್ಕ ತಿಳಿಯದೆ ಹಿಂಜರಿದವರೂ ಉಂಟು. ಇಬ್ಬರಿಗೂ ಬೇಕಾದುದು ಒಂದೇ: ಕಾಗದದ ಮೇಲೆ ತಾವೇ ಮಾಡಿ ನೋಡಬಹುದಾದ ಲೆಕ್ಕ. ಪ್ರಸ್ತುತ ಲೇಖನದಲ್ಲಿ ಆ ಲೆಕ್ಕದ ಕ್ರಮವನ್ನು ಶಿವಮೊಗ್ಗ ಮತ್ತು ಭದ್ರಾವತಿಗಳ ಹವಾಗುಣಕ್ಕೆ ಅನ್ವಯಿಸಿ ವಿವರಿಸಲು ಯತ್ನಿಸಿದ್ದೇವೆ. ಅಧ್ಯಾಪಕರು ಇದನ್ನು ತರಗತಿಯ ಅಭ್ಯಾಸವಾಗಿಯೂ ಬಳಸಿಕೊಳ್ಳಬಹುದು.

1. ಬಿಸಿಲು ವಿದ್ಯುತ್ತಾಗುವ ಬಗೆ

ಬೆಳಕು ಬಿದ್ದಾಗ ಕೆಲವು ವಸ್ತುಗಳಲ್ಲಿ ವಿದ್ಯುತ್ತು ಹುಟ್ಟುವುದನ್ನು ಫ್ರಾನ್ಸಿನ ಬೆಕರೆಲ್ 1839ರಲ್ಲಿಯೇ ಕಂಡಿದ್ದನು. ಆದರೆ ಕೆಲಸಕ್ಕೆ ಬರುವಂಥ ಸಿಲಿಕಾನ್ ಕೋಶವು ಸಿದ್ಧವಾದುದು 1954ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಅಂದು ತನ್ನ ಮೇಲೆ ಬಿದ್ದ ಬೆಳಕಿನ ಶಕ್ತಿಯಲ್ಲಿ ನೂರಕ್ಕೆ ಸುಮಾರು 6 ಪಾಲನ್ನು ಅದು ವಿದ್ಯುತ್ತಾಗಿ ಮಾರ್ಪಡಿಸುತ್ತಿದ್ದಿತು. ಇಂದು ಪೇಟೆಯಲ್ಲಿ ದೊರೆಯುವ ಫಲಕಗಳಲ್ಲಿ ಆ ಪ್ರಮಾಣ 20ನ್ನು ಮೀರಿದೆ.

ಪ್ರಖರವಾದ ಬಿಸಿಲಿನಲ್ಲಿ ಒಂದು ಚದರ ಮೀಟರಿನ ಮೇಲೆ ಸುಮಾರು 1,000 ವಾಟ್ ಶಕ್ತಿ ಬೀಳುತ್ತದೆ. ಇದರಲ್ಲಿ ಐದರಲ್ಲೊಂದು ಪಾಲು ದಕ್ಕಿದರೆ 200 ವಾಟ್. ಆದುದರಿಂದ ಒಂದು ಕಿಲೋವಾಟ್ ಸ್ಥಾವರಕ್ಕೆ ಸುಮಾರು 5 ಚದರ ಮೀಟರಿನಷ್ಟು ಫಲಕಗಳು ಬೇಕು. ಸಾಲುಗಳ ನಡುವಣ ಅಂತರ, ಓಡಾಡುವ ದಾರಿ ಇವನ್ನೆಲ್ಲ ಸೇರಿಸಿದರೆ 10 ಚದರ ಮೀಟರು, ಅಂದರೆ ಸುಮಾರು 100 ಚದರಡಿ ಮಾಳಿಗೆಯನ್ನು ಮೀಸಲಿಡುವುದು ಯುಕ್ತ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕು. ಫಲಕಕ್ಕೆ ಬೇಕಾದುದು ಬೆಳಕೇ ಹೊರತು ಕಾವಲ್ಲ. ಫಲಕದ ಸಾಮರ್ಥ್ಯವನ್ನು ಅಳೆಯುವುದು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಅದಕ್ಕಿಂತ ಕಾವೇರಿದ ಒಂದೊಂದು ಡಿಗ್ರಿಗೂ ಸಿಲಿಕಾನ್ ಫಲಕದ ಉತ್ಪಾದನೆ ಶೇಕಡಾ 0.35ರಷ್ಟು ತಗ್ಗುತ್ತದೆ. ಏಪ್ರಿಲಿನ ಮಧ್ಯಾಹ್ನ ಫಲಕ 60 ಡಿಗ್ರಿಗೆ ಕಾದಿತೆಂದರೆ ನಷ್ಟ ಶೇಕಡಾ 12ಕ್ಕೆ ಮುಟ್ಟುತ್ತದೆ. ಫಲಕಗಳನ್ನು ಮಾಳಿಗೆಗೆ ಅಂಟಿಸದೆ, ಅಡಿಯಲ್ಲಿ ಗಾಳಿಯಾಡುವಂತೆ ಎತ್ತರಿಸಿ ಕೂಡಿಸುವುದು ಈ ಕಾರಣದಿಂದ.

2. ನಮ್ಮ ಊರಿನ ಬಿಸಿಲು

ಶಿವಮೊಗ್ಗವು ಉತ್ತರ ಅಕ್ಷಾಂಶ ಸುಮಾರು 13.9 ಡಿಗ್ರಿಯಲ್ಲಿದೆ, ಭದ್ರಾವತಿಯೂ ಹೆಚ್ಚುಕಡಮೆ ಅಲ್ಲಿಯೇ ಇದೆ. ಏಪ್ರಿಲ್ ಕೊನೆಯ ವಾರದಲ್ಲಿಯೂ ಆಗಸ್ಟ್ ನಡುವಿನಲ್ಲಿಯೂ ಸೂರ್ಯನು ಇಲ್ಲಿ ನೆತ್ತಿಯ ಮೇಲೆ ಬರುತ್ತಾನೆ. ಈ ಎರಡರ ನಡುವೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಕೊಂಚ ಉತ್ತರಕ್ಕಿರುತ್ತಾನೆ. ಉಳಿದ ಎಂಟು ತಿಂಗಳೂ ದಕ್ಷಿಣಕ್ಕಿರುತ್ತಾನೆ. ಉತ್ತರಕ್ಕೆ ಸರಿದ ದಿನಗಳಲ್ಲಿ ಹೆಚ್ಚಿನವು ಮಳೆಗಾಲಕ್ಕೆ ಸೇರಿದವು. ಆಗ ಮೋಡದಿಂದ ಚೆದರಿದ ಬೆಳಕು ಎಲ್ಲ ದಿಕ್ಕಿನಿಂದಲೂ ಬರುವುದರಿಂದ ಫಲಕದ ಮುಖ ಎತ್ತ ಇದ್ದರೂ ವ್ಯತ್ಯಾಸ ಸ್ವಲ್ಪವೇ. ಆದಕಾರಣ ಫಲಕಗಳನ್ನು ದಕ್ಷಿಣಾಭಿಮುಖವಾಗಿ, 10ರಿಂದ 15 ಡಿಗ್ರಿ ಓರೆಯಲ್ಲಿ ನಿಲ್ಲಿಸುವುದು ಸರಿಯಾದ ಕ್ರಮ. ಮಳೆಯ ನೀರು ಧೂಳನ್ನು ತೊಳೆದುಕೊಂಡು ಇಳಿಯುವುದಕ್ಕೂ ಇಷ್ಟು ಓರೆ ಅವಶ್ಯಕ.

ಒಂದು ಕಿಲೋವಾಟ್ ಸ್ಥಾವರ ದಿನಕ್ಕೆ ಎಷ್ಟು ಯೂನಿಟ್ ಕೊಡುತ್ತದೆ? ವರ್ಷದ ಸರಾಸರಿಯನ್ನು 4 ಯೂನಿಟ್ ಎಂದು ಹಿಡಿಯುವುದು ವಾಡಿಕೆ. ಅಂದರೆ ವರ್ಷಕ್ಕೆ 1,460 ಯೂನಿಟ್. ಆದರೆ ಸರಾಸರಿಯೊಂದನ್ನೇ ನಂಬುವುದು ನಮ್ಮ ಜಿಲ್ಲೆಯಲ್ಲಿ ತಕ್ಕುದಲ್ಲ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ 5ರ ಹತ್ತಿರಕ್ಕೆ ಏರುವ ಉತ್ಪಾದನೆ, ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಹಿಡಿದು ಸುರಿಯುವ ಕಾಲದಲ್ಲಿ 3ಕ್ಕಿಂತಲೂ ಕೆಳಗಿಳಿಯಬಹುದು. ಶಿವಮೊಗ್ಗ–ಭದ್ರಾವತಿಗಳು ಮಲೆನಾಡಿನ ಅಂಚಿನವು. ಇಲ್ಲಿಂದ ಪಶ್ಚಿಮಕ್ಕೆ ಸರಿದಂತೆಲ್ಲ ಮಳೆಗಾಲದ ಕೊರತೆ ಹೆಚ್ಚುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಆಗುಂಬೆಗೆ ಇಲ್ಲಿನ ಲೆಕ್ಕವನ್ನು ಅನ್ವಯಿಸಬಾರದು. ಪಾವಗಡದ ಬಯಲಿನ ಲೆಕ್ಕವನ್ನು ಇಲ್ಲಿಗೂ ತರಬಾರದು.

3. ಮೊದಲು ಖರ್ಚು, ಆಮೇಲೆ ಸ್ಥಾವರ

ಸ್ಥಾವರದ ಗಾತ್ರವನ್ನು ಮಾಳಿಗೆಯ ವಿಸ್ತಾರ ನೋಡಿ ನಿರ್ಧರಿಸುವುದು ತಪ್ಪು. ಮನೆಯ ಖರ್ಚನ್ನು ನೋಡಿ ನಿರ್ಧರಿಸಬೇಕು. ಕಳೆದ 12 ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು, ಪ್ರತಿ ತಿಂಗಳ ಯೂನಿಟ್ಟುಗಳನ್ನು ಬರೆದು, ಒಟ್ಟು ಕೂಡಿಸುವುದು ಪ್ರಥಮ ಕಾರ್ಯ. ಅದೇ ಬಿಲ್ಲಿನಲ್ಲಿ ಮಂಜೂರಾದ ಹೊರೆಯನ್ನೂ ಯೂನಿಟ್ಟಿನ ದರವನ್ನೂ ಗುರುತಿಸಿಕೊಳ್ಳತಕ್ಕದ್ದು.

ಎರಡನೆಯ ಕಾರ್ಯ, ತಗ್ಗಿಸಬಹುದಾದ ಖರ್ಚನ್ನು ತಗ್ಗಿಸುವುದು. 2 ಕಿಲೋವಾಟಿನ ನೀರು ಕಾಯಿಸುವ ಗೀಸರು ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಈ ಕೆಲಸವನ್ನು ಬಚ್ಚಲಮನೆಯ ಹಂಡೆಯೊಲೆಗೋ ಬಿಸಿಲಿನಲ್ಲಿ ನೀರು ಕಾಯಿಸುವ ಸಾಧನಕ್ಕೋ ವಹಿಸಿದರೆ ಅರ್ಧ ಕಿಲೋವಾಟ್ ಫಲಕದ ಹಣ ಉಳಿಯಿತು. ಹಳೆಯ 75 ವಾಟಿನ ಫ್ಯಾನಿನ ಬದಲು 30 ವಾಟಿನ ಹೊಸ ಬಗೆಯ ಫ್ಯಾನನ್ನು ಹಾಕಿದರೂ ಹೀಗೆಯೇ. ಉಳಿಸಿದ ಯೂನಿಟ್ಟು ಉತ್ಪಾದಿಸಿದ ಯೂನಿಟ್ಟಿಗಿಂತ ಅಗ್ಗವೆಂಬುದನ್ನು ಮರೆಯಲಾಗದು.

4. ನೆರಳು, ಗಾಳಿ, ಸಿಡಿಲು

ಫಲಕದೊಳಗಣ ಕೋಶಗಳು ಸರಪಣಿಯ ಕೊಂಡಿಗಳಂತೆ ಒಂದರ ಹಿಂದೊಂದು ಜೋಡಣೆಗೊಂಡಿವೆ. ಒಂದು ಕೋಶಕ್ಕೆ ನೆರಳು ಬಿದ್ದರೆ ಅದರ ಸಾಲಿನಲ್ಲಿ ಹರಿಯುವ ಪ್ರವಾಹವೇ ಕುಗ್ಗುತ್ತದೆ. ಸಾಮಾನ್ಯವಾಗಿ ಒಂದು ಫಲಕದಲ್ಲಿ ಮೂರು ಪಕ್ಕದಾರಿಯ ಡಯೋಡುಗಳಿದ್ದು, ನೆರಳಿಗೆ ಸಿಕ್ಕ ಭಾಗವನ್ನು ಬಿಟ್ಟು ಪ್ರವಾಹ ಮುಂದೆ ಸಾಗುವಂತೆ ಮಾಡುತ್ತವೆ. ಹಾಗಾದರೂ ಅಂಗೈಯಗಲದ ನೆರಳಿಗೆ ಫಲಕದ ಮೂರನೆಯ ಒಂದು ಭಾಗವನ್ನು ಕಳೆದುಕೊಂಡಂತಾಯಿತು. ಅಡಿಕೆಯ ಅಥವಾ ತೆಂಗಿನ ಒಂದೇ ಗರಿ, ನೀರಿನ ತೊಟ್ಟಿಯ ಅಂಚು, ಬಟ್ಟೆ ಒಣಹಾಕುವ ಕಂಬ, ಇವು ಅಲ್ಪವೆಂದು ಉಪೇಕ್ಷಿಸತಕ್ಕವಲ್ಲ.

ನೆರಳಿನ ಪರೀಕ್ಷೆಯನ್ನು ಡಿಸೆಂಬರ್ ಕೊನೆಯಲ್ಲಿ ಮಾಡುವುದು ಶ್ರೇಷ್ಠ. ಆಗ ನೆರಳು ಅತ್ಯಂತ ಉದ್ದ. ಶಿವಮೊಗ್ಗದ ರೇಖಾಂಶ ಸುಮಾರು 75.6 ಡಿಗ್ರಿ, ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿಯ ಲೆಕ್ಕದಲ್ಲಿ. ಆದುದರಿಂದ ಇಲ್ಲಿ ಸೂರ್ಯನ ನಡುಹಗಲು ಸರಾಸರಿಯಾಗಿ 12 ಗಂಟೆ 28 ನಿಮಿಷಕ್ಕೆ ಆಗುತ್ತದೆ. ಗಡಿಯಾರದ ಒಂಬತ್ತೂವರೆಯಿಂದ ಮೂರೂವರೆಯವರೆಗೆ ಗಂಟೆಗೊಮ್ಮೆ ಮಾಳಿಗೆ ಹತ್ತಿ, ನೆರಳಿನ ಅಂಚನ್ನು ಸೀಮೆಸುಣ್ಣದಿಂದ ಗುರುತಿಸಿದರೆ ಫಲಕಗಳಿಗೆ ಯೋಗ್ಯವಾದ ಜಾಗ ತಾನಾಗಿ ಗೋಚರಿಸುತ್ತದೆ. ಡಿಸೆಂಬರ್ 21ರಂದು ಇಲ್ಲಿ ನಡುಹಗಲಿನ ಸೂರ್ಯ ದಿಗಂತದಿಂದ ಸುಮಾರು 52.6 ಡಿಗ್ರಿ ಎತ್ತರದಲ್ಲಿರುತ್ತಾನೆ. ಅದಕ್ಕೆ ಮೂರು ಗಂಟೆ ಮೊದಲು 32 ಡಿಗ್ರಿ ಎತ್ತರದಲ್ಲಿರುತ್ತಾನೆ. ಆ ಹೊತ್ತಿಗೆ ಒಂದು ಮೀಟರ್ ಎತ್ತರದ ವಸ್ತುವಿನ ನೆರಳು 1.6 ಮೀಟರ್ ಉದ್ದವಾಗಿ ವಾಯವ್ಯಕ್ಕೆ ಚಾಚಿ, ಉತ್ತರ ದಿಕ್ಕಿಗೆ ಸುಮಾರು ಒಂದು ಮೀಟರ್ ಮುಟ್ಟುತ್ತದೆ. ಇದರಿಂದ ಒಂದು ಸುಲಭ ಸೂತ್ರ ದೊರೆಯಿತು: ಮುಂದಿನ ಸಾಲಿನ ಮೇಲಂಚು ಹಿಂದಿನ ಸಾಲಿನ ಕೆಳಂಚಿಗಿಂತ ಎಷ್ಟು ಎತ್ತರವೋ, ಸಾಲುಗಳ ನಡುವೆ ಕನಿಷ್ಠಪಕ್ಷ ಅಷ್ಟು ಅಂತರವಿರಬೇಕು.

ಎರಡನೆಯ ಅಪಾಯ ಗಾಳಿಯದು. ಫಲಕಗಳ ತೂಕ ಚದರ ಮೀಟರಿಗೆ ಸುಮಾರು 11–12 ಕಿಲೋಗ್ರಾಂ. ಅಂದರೆ ಕೆಳಮುಖವಾದ ಬಲ ಸುಮಾರು 115 ನ್ಯೂಟನ್. ಸೆಕೆಂಡಿಗೆ 33 ಮೀಟರ್ ವೇಗದ ಬಿರುಗಾಳಿಯ ಒತ್ತಡವಾದರೋ ಚದರ ಮೀಟರಿಗೆ ಸುಮಾರು 650 ನ್ಯೂಟನ್. ಅದರಲ್ಲಿ ಒಂದು ಪಾಲು ಮಾತ್ರ ಮೇಲೆತ್ತುವ ಬಲವಾದರೂ ಫಲಕದ ತೂಕವನ್ನು ಮೀರಬಲ್ಲುದು. ಹೀಗಿರಲಾಗಿ ಚಿಂತಿಸಬೇಕಾದುದು ಮಾಳಿಗೆ ಭಾರವನ್ನು ಹೊತ್ತೀತೇ ಎಂಬುದನ್ನಷ್ಟೇ ಅಲ್ಲ, ಚೌಕಟ್ಟು ಹಾರಿಹೋಗದಂತೆ ಹಿಡಿದೀತೇ ಎಂಬುದನ್ನೂ ಸಹ. ಮಂಗಳೂರು ಹೆಂಚಿನ ಹಳೆಯ ಮನೆಗಳಲ್ಲಿ ಚೌಕಟ್ಟನ್ನು ಹೆಂಚಿನ ಮೇಲೆ ನಿಲ್ಲಿಸಲಾಗದು. ಅಡಿಯ ಪಕಾಸಿಗಳಿಗೆ ಬಿಗಿಯಬೇಕು. ಪಕಾಸಿಗಳಿಗೆ ಗೆದ್ದಲು ಹಿಡಿದಿದ್ದರೆ ಆ ಮಾಡನ್ನು ಬಿಟ್ಟು, ಅಂಗಳದಲ್ಲೋ ಕೊಟ್ಟಿಗೆಯ ಮೇಲೋ ಜಾಗ ಹುಡುಕುವುದು ಲೇಸು. ಮಳೆ ಹೆಚ್ಚಿರುವ ಸೀಮೆಯಾದ್ದರಿಂದ ಚೌಕಟ್ಟಿಗೆ ಬರಿಯ ಬಣ್ಣ ಸಾಲದು. ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಕಬ್ಬಿಣವನ್ನೇ ಕೇಳಿ ಪಡೆಯತಕ್ಕದ್ದು.

ಮೂರನೆಯದು ಸಿಡಿಲು. ಏಪ್ರಿಲ್, ಮೇ ತಿಂಗಳುಗಳ ಗುಡುಗುಮಳೆ ಇಲ್ಲಿನವರಿಗೆ ಪರಿಚಿತವೇ. ಸಿಡಿಲುವಾಹಕಕ್ಕೂ ಫಲಕಗಳ ಚೌಕಟ್ಟಿಗೂ ಮನೆಯ ವಿದ್ಯುತ್ತಿಗೂ ಭೂಸಂಪರ್ಕವನ್ನು ಕ್ರಮವಾಗಿ ಒದಗಿಸಿದೆಯೇ ಎಂದು ನೋಡಿಯೇ ಕೆಲಸ ಒಪ್ಪಿಕೊಳ್ಳಬೇಕು.

5. ಸ್ಥಾವರದ ಮೂರು ಬಗೆಗಳು

ಮೊದಲನೆಯದು, ಸರಬರಾಜು ಜಾಲದೊಡನೆ ಕೂಡಿದುದು. ಫಲಕದ ಏಕಮುಖ ಪ್ರವಾಹವನ್ನು ಇನ್ವರ್ಟರು ಪರ್ಯಾಯ ಪ್ರವಾಹವಾಗಿಸುತ್ತದೆ. ಮನೆಗೆ ಬೇಕಾದಷ್ಟು ಮನೆಯಲ್ಲಿ ಖರ್ಚಾಗಿ, ಮಿಕ್ಕುದು ಮೀಟರಿನ ಮೂಲಕ ಬೀದಿಯ ತಂತಿಗೆ ಹೋಗುತ್ತದೆ. ಎರಡನೆಯದು, ಜಾಲದ ಗೊಡವೆಯಿಲ್ಲದೆ ಬ್ಯಾಟರಿಯನ್ನೇ ನೆಚ್ಚಿದುದು. ತಂತಿ ಮುಟ್ಟದ ತೋಟದ ಮನೆಗೆ ಇದು ಸರಿ. ಮೂರನೆಯದು ಇವೆರಡರ ಮಿಶ್ರಣ.

ಮೊದಲ ಬಗೆಯ ವಿಷಯದಲ್ಲಿ ಎಲ್ಲರೂ ಮುಂಗಡವಾಗಿ ತಿಳಿದಿರಬೇಕಾದ ಸಂಗತಿಯೊಂದುಂಟು: ಬೀದಿಯ ವಿದ್ಯುತ್ತು ಹೋದರೆ ಇದರ ವಿದ್ಯುತ್ತೂ ನಿಲ್ಲುತ್ತದೆ. ಇದು ದೋಷವಲ್ಲ, ತಂತಿ ರಿಪೇರಿಗಾಗಿ ಕಂಬ ಹತ್ತಿದ ಕೆಲಸಗಾರನ ಪ್ರಾಣರಕ್ಷಣೆಗಾಗಿ ಮಾಡಿದ ಏರ್ಪಾಡು. ಮನೆಗಳಿಂದ ಹಿಮ್ಮುಖವಾಗಿ ವಿದ್ಯುತ್ತು ಹರಿದರೆ ಅವನ ಗತಿಯೇನು? ಆದರೆ ಜುಲೈ ತಿಂಗಳಲ್ಲಿ ಮರ ಮುರಿದು ತಂತಿ ಹರಿದಾಗ, ಮಾಳಿಗೆಯ ಮೇಲೆ ಲಕ್ಷ ರೂಪಾಯಿನ ಸ್ಥಾವರವಿದ್ದೂ ಕೆಳಗೆ ಮೇಣದಬತ್ತಿ ಹಚ್ಚಬೇಕಾದ ಮನೆಯವರಿಗೆ ಇದನ್ನು ಮೊದಲೇ ಯಾರೂ ಹೇಳಿರುವುದಿಲ್ಲ.

ವಿದ್ಯುತ್ತು ಹೋದಾಗಲೂ ದೀಪ ಬೇಕೆನ್ನುವವರು ಅವಶ್ಯ ಹೊರೆಯನ್ನಷ್ಟೇ ಲೆಕ್ಕ ಹಾಕಬೇಕು. 30 ವಾಟಿನ ಮೂರು ಫ್ಯಾನು 10 ಗಂಟೆ, 9 ವಾಟಿನ ಆರು ದೀಪ 6 ಗಂಟೆ, 100 ವಾಟಿನ ಟೆಲಿವಿಷನ್ನು 4 ಗಂಟೆ: ಒಟ್ಟು ಸುಮಾರು 1.6 ಯೂನಿಟ್. ಇದಕ್ಕೆ ಒಂದು ಚಿಕ್ಕ ಬ್ಯಾಟರಿ ಸಾಕು. ಇಡೀ ಮನೆಯನ್ನು ಬ್ಯಾಟರಿಯ ಮೇಲೆ ನಡೆಸಹೊರಟರೆ ಖರ್ಚು ಕೈಮೀರುತ್ತದೆ.

6. ಹಣದ ಲೆಕ್ಕ

ಎರಡು ಮನೆಗಳನ್ನು ಕಲ್ಪಿಸಿಕೊಳ್ಳೋಣ. ಸ್ಥಾವರದ ಬೆಲೆ ಕಿಲೋವಾಟಿಗೆ 60,000 ರೂಪಾಯಿ, ವಿದ್ಯುತ್ತಿನ ದರ ಯೂನಿಟ್ಟಿಗೆ 6 ರೂಪಾಯಿ ಎಂದು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಳ್ಳುತ್ತೇವೆ. ವಾಚಕರು ತಮ್ಮ ಬಿಲ್ಲಿನ ದರವನ್ನು ಅಲ್ಲಿ ಸೇರಿಸಿಕೊಳ್ಳಬಹುದು.

ಮೊದಲನೆಯ ಮನೆಯ ಖರ್ಚು ತಿಂಗಳಿಗೆ 250 ಯೂನಿಟ್, ವರ್ಷಕ್ಕೆ 3,000. ಇದಕ್ಕೆ 2 ಕಿಲೋವಾಟ್ ಸ್ಥಾವರ ಹೊಂದುತ್ತದೆ. ವರ್ಷದ ಉತ್ಪಾದನೆ 2,920 ಯೂನಿಟ್. ಮಾರ್ಚಿನಲ್ಲಿ 310 ಯೂನಿಟ್ ಬಂದು 60 ಮಿಗುತ್ತದೆ. ಜುಲೈಯಲ್ಲಿ 170 ಮಾತ್ರ ಬಂದು 80ನ್ನು ಕೊಳ್ಳಬೇಕಾಗುತ್ತದೆ. ಮಿಕ್ಕ ಯೂನಿಟ್ಟಿಗೆ ದೊರೆಯುವ ದರ ನಾವು ಕೊಳ್ಳುವ ದರಕ್ಕಿಂತ ಕಡಮೆಯಾದ್ದರಿಂದ ವಾರ್ಷಿಕ ಉಳಿತಾಯವನ್ನು 16,500 ರೂಪಾಯಿ ಎಂದು ಹಿಡಿಯೋಣ. ಸ್ಥಾವರದ ಬೆಲೆ 1,20,000. ಕೇಂದ್ರ ಸರ್ಕಾರವು 2024ರಲ್ಲಿ ಆರಂಭಿಸಿದ ಸೂರ್ಯಘರ್ ಯೋಜನೆಯಲ್ಲಿ ಮನೆಗಳಿಗೆ ಮೊದಲ 2 ಕಿಲೋವಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಹೀಗೆ ಹೆಚ್ಚೆಂದರೆ 78,000 ರೂಪಾಯಿ ಸಹಾಯಧನವನ್ನು ಗೊತ್ತುಪಡಿಸಲಾಗಿದೆ. ಯೋಜನೆಯ ಅವಧಿ 2026–27ರವರೆಗೆ. ಈ ಮನೆಗೆ 60,000 ದೊರೆತರೆ ಕೈಯಿಂದ ಹಾಕಿದ 60,000 ಮೂರೂವರೆ ವರ್ಷಗಳಲ್ಲಿ ಹಿಂದಿರುಗುತ್ತದೆ. ಸಹಾಯಧನವಿಲ್ಲದಿದ್ದರೂ ಏಳು ವರ್ಷ ಮೂರು ತಿಂಗಳಲ್ಲಿ ಹಿಂದಿರುಗುತ್ತದೆ. ಫಲಕಗಳಿಗೆ ಸಾಮಾನ್ಯವಾಗಿ 25 ವರ್ಷಗಳ ಭರವಸೆಯಿರುವುದರಿಂದ, ನಡುವೆ ಒಮ್ಮೆ ಇನ್ವರ್ಟರನ್ನು ಬದಲಿಸಬೇಕಾಗಿ ಬಂದರೂ ಇದು ಲಾಭದ ಬಾಬತ್ತೇ ಸರಿ.

ಎರಡನೆಯ ಮನೆಯ ಸ್ಥಿತಿಯೇ ಬೇರೆ. ಅದರ ಖರ್ಚು ತಿಂಗಳಿಗೆ 120 ಯೂನಿಟ್. 2023ರ ಜುಲೈಯಲ್ಲಿ ಜಾರಿಗೆ ಬಂದ ರಾಜ್ಯದ ಗೃಹಜ್ಯೋತಿ ಯೋಜನೆಯ ಪ್ರಕಾರ, 2022–23ರ ಸರಾಸರಿ ಬಳಕೆಗೆ ಶೇಕಡಾ 10ನ್ನು ಕೂಡಿಸಿ, 200 ಯೂನಿಟ್ಟಿನ ಮಿತಿಯೊಳಗೆ, ಮನೆಬಳಕೆಯ ವಿದ್ಯುತ್ತು ಉಚಿತ. 200ನ್ನು ಮೀರಿದರೆ ಇಡೀ ಬಿಲ್ಲನ್ನು ತೆರಬೇಕು. 120ರ ಸರಾಸರಿಯ ಈ ಮನೆಗೆ 132 ಯೂನಿಟ್ಟಿನವರೆಗೆ ಬಿಲ್ಲೇ ಇಲ್ಲ. ಬಿಲ್ಲೇ ಇಲ್ಲದ ಕಡೆ ಉಳಿಸುವುದೇನು? ಬ್ಯಾಂಕಿನ ಸಾಲ ತಂದು ಈ ಮನೆ ಸ್ಥಾವರ ಕೂಡಿಸಿದರೆ ಕಂತು ನಿಶ್ಚಿತ, ಉಳಿತಾಯ ಶೂನ್ಯ.

ಹಾಗೆಂದು ವಿಷಯ ಅಲ್ಲಿಗೇ ಮುಗಿಯುವುದಿಲ್ಲ. ಸ್ಥಾವರದ ಆಯುಸ್ಸು ಕಾಲು ಶತಮಾನ. ಸರ್ಕಾರದ ಯೋಜನೆಗಳ ಆಯುಸ್ಸನ್ನು ಹಾಗೆ ಹೇಳಲಾಗದು. ಆದುದರಿಂದ ಪ್ರತಿಯೊಂದು ಮನೆಯೂ ಲೆಕ್ಕವನ್ನು ಎರಡು ಬಾರಿ ಮಾಡಬೇಕು: ಇಂದಿನ ರಿಯಾಯಿತಿಗಳು ಇದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ. ಎರಡರಲ್ಲಿಯೂ ಲಾಭ ಕಂಡರೆ ಧೈರ್ಯವಾಗಿ ಮುಂದುವರಿಯಬಹುದು. ಒಂದರಲ್ಲಿ ಮಾತ್ರ ಕಂಡರೆ ಸಾಲ ಮಾಡಿ ಮುಂದುವರಿಯುವುದು ವಿವೇಕವಲ್ಲ.

7. ಅಂಗಡಿ, ಗಿರಣಿ, ಎರಕದ ಕಾರ್ಖಾನೆ

ಉದ್ದಿಮೆಗಳಿಗೆ ಈ ಸಹಾಯಧನವೂ ಇಲ್ಲ, ಗೃಹಜ್ಯೋತಿಯೂ ಇಲ್ಲ. ಆದರೆ ಅಂಗಡಿ, ಆಸ್ಪತ್ರೆ, ಮುದ್ರಣಾಲಯಗಳ ಬಳಕೆ ಹೆಚ್ಚಾಗಿ ಹಗಲಿನದೇ. ದರವೂ ಮನೆಯ ದರಕ್ಕಿಂತ ಹೆಚ್ಚು. 10 ಕಿಲೋವಾಟ್ ಸ್ಥಾವರ ಹಾಕಿದ ಅಂಗಡಿಗೆ ವರ್ಷಕ್ಕೆ 14,600 ಯೂನಿಟ್ ದೊರೆತು, ಅದರಲ್ಲಿ ಶೇಕಡಾ 85 ಸ್ವಂತಕ್ಕೆ ಬಳಕೆಯಾಗಿ, ಯೂನಿಟ್ಟಿಗೆ 7 ರೂಪಾಯಿ ಉಳಿದರೆ, ವಾರ್ಷಿಕ ಉಳಿತಾಯ ಸುಮಾರು 87,000. ಬೆಲೆ 5 ಲಕ್ಷವೆಂದರೆ ಆರು ವರ್ಷದೊಳಗೆ ಹಣ ಹಿಂದಿರುಗಿತು. ಆದಾಯ ತೆರಿಗೆಯಲ್ಲಿ ಇಂಥ ಯಂತ್ರಗಳಿಗೆ ಸವಕಳಿಯ ಲೆಕ್ಕ ಉಂಟಾದ್ದರಿಂದ ತೆರಿಗೆ ತೆರುವವರಿಗೆ ಅವಧಿ ಇನ್ನೂ ಕುಗ್ಗುತ್ತದೆ.

ಸುಗ್ಗಿಯಲ್ಲಿ ಮಾತ್ರ ನಡೆಯುವ ಅಕ್ಕಿ ಗಿರಣಿಗೆ ಈ ಲೆಕ್ಕ ಹೊಂದದು. ಯಂತ್ರ ನಿಂತ ತಿಂಗಳುಗಳಲ್ಲಿ ಉತ್ಪನ್ನವೆಲ್ಲ ಕಡಮೆ ದರಕ್ಕೆ ಹೊರಹೋಗುವುದರಿಂದ, ವರ್ಷವಿಡೀ ಇರುವ ಹೊರೆಗೆ ಸರಿಯಾಗಿ ಚಿಕ್ಕ ಸ್ಥಾವರವನ್ನು ಆರಿಸಿಕೊಳ್ಳಬೇಕು.

ಶಿವಮೊಗ್ಗ–ಭದ್ರಾವತಿಗಳ ನಡುವಣ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕಬ್ಬಿಣದ ಎರಕದ ಕೆಲಸ ಪ್ರಮುಖವಾದುದು. ಒಂದು ಟನ್ ಕಬ್ಬಿಣವನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಲು 550ರಿಂದ 650 ಯೂನಿಟ್ ಬೇಕು. 1,000 ಚದರ ಮೀಟರ್ ಮಾಳಿಗೆಯನ್ನು ಆವರಿಸುವ 100 ಕಿಲೋವಾಟ್ ಸ್ಥಾವರ ದಿನವಿಡೀ ದುಡಿದು ಕೊಡುವುದು 400 ಯೂನಿಟ್. ಒಂದು ಟನ್ನಿಗೂ ಅದು ಸಾಲದು! ಇಂಥ ಕಾರ್ಖಾನೆಯಲ್ಲಿ ಮಾಳಿಗೆಯ ಬಿಸಿಲು ಕಛೇರಿ, ದೀಪ, ಗಾಳಿಯಂತ್ರ, ಸಣ್ಣ ಮೋಟಾರುಗಳಿಗೆ ನೆರವಾದೀತು. ಕುಲುಮೆಗೆ ದೊಡ್ಡ ಜಾಲವೇ ಆಧಾರ.

8. ಕಾರ್ಯಕ್ರಮ ಮತ್ತು ಪಾಲನೆ

ನಮ್ಮ ಜಿಲ್ಲೆಯ ವಿದ್ಯುತ್ ಸರಬರಾಜು ಮಂಗಳೂರು ವಿದ್ಯುತ್ ಸರಬರಾಜು ಕಂಪನಿ, ಅಂದರೆ ಮೆಸ್ಕಾಂನ ಹೊಣೆ. ಸಹಾಯಧನ ಬಯಸುವ ಮನೆಯವರು ರಾಷ್ಟ್ರೀಯ ಪೋರ್ಟಲಿನಲ್ಲಿ ಅರ್ಜಿ ಸಲ್ಲಿಸಿ, ನೋಂದಾಯಿತ ಗುತ್ತಿಗೆದಾರರಿಂದಲೇ ಕೆಲಸ ಮಾಡಿಸಬೇಕು; ಫಲಕಗಳೂ ಭಾರತದಲ್ಲಿ ತಯಾರಾದ ಕೋಶಗಳವಾಗಿರಬೇಕು. ಕೆಲಸ ಮುಗಿದು, ಎರಡೂ ದಿಕ್ಕಿನ ಯೂನಿಟ್ಟುಗಳನ್ನು ಅಳೆಯುವ ಮೀಟರು ಬಂದು, ತಪಾಸಣೆಯಾದ ಮೇಲೆ ಹಣ ಬ್ಯಾಂಕಿನ ಖಾತೆಗೆ ಬರುತ್ತದೆ. ಆರಂಭದಲ್ಲಿ ಪೂರ್ಣ ಮೊತ್ತವನ್ನು ಹೊಂದಿಸಿಕೊಳ್ಳುವುದು ಮನೆಯವರ ಪಾಲಿನ ಕೆಲಸವೆಂಬುದನ್ನು ಗಮನದಲ್ಲಿಡತಕ್ಕದ್ದು. ಮೂರು ಕಡೆಯಿಂದ ಬೆಲೆಪಟ್ಟಿ ತರಿಸಿ, ಬರಿಯ ಮೊತ್ತವನ್ನಲ್ಲದೆ ಚೌಕಟ್ಟಿನ ಕಬ್ಬಿಣ, ಭೂಸಂಪರ್ಕ, ಇನ್ವರ್ಟರಿನ ಭರವಸೆಯ ವರ್ಷ, ರಿಪೇರಿಗೆ ಬರುವವರ ಊರು ಇವನ್ನು ಹೋಲಿಸಿ ನೋಡಬೇಕು.

ಪಾಲನೆ ಸುಲಭ. ಬೇಸಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಫಲಕ ಕಾಯುವ ಮುನ್ನ ಬೆಳಗ್ಗೆ, ನೀರು ಮತ್ತು ಮೆತ್ತನೆಯ ಬಟ್ಟೆಯಿಂದ ತೊಳೆಯುವುದು; ಮಳೆಗಾಲ ಮುಗಿದೊಡನೆ ಪಾಚಿಯನ್ನು ತೆಗೆಯುವುದು; ಮಂಗಗಳ ಹಾವಳಿಯಿದ್ದರೆ ತಂತಿಗಳನ್ನು ಕೊಳವೆಯೊಳಗೆ ಹಾಯಿಸುವುದು; ತಿಂಗಳಿಗೊಮ್ಮೆ ಉತ್ಪಾದನೆಯನ್ನು ಬರೆದಿಡುವುದು. ಹಿಂದಿನ ವರ್ಷದ ಅದೇ ತಿಂಗಳಿಗಿಂತ ಉತ್ಪಾದನೆ ಬಹಳ ತಗ್ಗಿದ್ದರೆ ಎಲ್ಲಿಯೋ ಲೋಪವಿದೆಯೆಂದು ತಿಳಿಯತಕ್ಕದ್ದು.

ಉಪಸಂಹಾರ

ಮಳೆಗಾಲದಲ್ಲಿ ಬಿಸಿಲು ಕುಂದುವುದು ನಮ್ಮ ಸೀಮೆಯ ಸ್ಥಾವರಗಳ ಕೊರತೆಯೆಂದು ಮೇಲೆ ಹೇಳಿದೆವು. ಜಿಲ್ಲೆಯನ್ನು ಒಟ್ಟಾಗಿ ನೋಡಿದರೆ ಆ ಕೊರತೆಗೆ ಇನ್ನೊಂದು ಮುಖವಿದೆ. ಫಲಕಗಳು ದಣಿಯುವ ಜುಲೈ, ಆಗಸ್ಟ್ ತಿಂಗಳುಗಳಲ್ಲಿಯೇ ಲಿಂಗನಮಕ್ಕಿಗೆ ನೀರು ಹರಿದುಬರುತ್ತದೆ. ಜಲಾಶಯ ಇಳಿಮುಖವಾಗುವ ಮಾರ್ಚ್, ಏಪ್ರಿಲ್‌ಗಳಲ್ಲಿ ಬಿಸಿಲು ಧಾರಾಳವಾಗಿರುತ್ತದೆ. ಶಿವಮೊಗ್ಗದ ಒಂದು ಮಾಳಿಗೆ ಮಾರ್ಚಿನಲ್ಲಿ ಕೊಡುವ ಯೂನಿಟ್ಟು, ಅಷ್ಟರಮಟ್ಟಿಗೆ ಶರಾವತಿಯ ನೀರನ್ನು ಸಂಜೆಯ ಹೊತ್ತಿಗೆ ಉಳಿಸಿಕೊಡಬಲ್ಲುದು. ಆ ನೀರಿಗಾಗಿ ಊರು ಮನೆಗಳನ್ನು ಬಿಟ್ಟು ಬಂದ ಕುಟುಂಬಗಳು ಈ ಜಿಲ್ಲೆಯಲ್ಲಿವೆಯೆಂಬುದನ್ನು ನೆನೆದರೆ, ಯೂನಿಟ್ಟಿನ ಬೆಲೆ ಕೇವಲ ರೂಪಾಯಿಗಳಲ್ಲಿ ಮುಗಿಯುವುದಲ್ಲವೆಂಬುದೂ ಮನವರಿಕೆಯಾದೀತು.

ಈ ಲೇಖನವನ್ನು ಓದಿದ ವಿದ್ಯಾರ್ಥಿಗಳು ತಮ್ಮ ಮನೆಯ 12 ಬಿಲ್ಲುಗಳನ್ನು ಕೂಡಿಸಿ, ಒಂದು ದಿನ ಮಾಳಿಗೆಯ ನೆರಳನ್ನು ಗುರುತಿಸಿ, ಮೇಲೆ ಹೇಳಿದ ಕ್ರಮದಲ್ಲಿ ಲೆಕ್ಕ ಮಾಡಿ ನೋಡಲಿ. ಉತ್ತರ ‘ಹಾಕಿಸಬಹುದು’ ಎಂದು ಬಂದರೂ ‘ಈಗ ಬೇಡ’ ಎಂದು ಬಂದರೂ, ಅದು ಮತ್ತೊಬ್ಬರ ಮಾತಿನಿಂದಲ್ಲದೆ ತಮ್ಮ ಗಣಿತದಿಂದ ಬಂದದ್ದಾಗಿರುತ್ತದೆ. ನಮ್ಮ ಶ್ರಮ ಸಾರ್ಥಕವಾಗಲು ಅಷ್ಟು ಸಾಕು.